ಮೊಟ್ಟೆಯೊಡೆಯುವ ಮೊದಲೇ ಕಟ್ಟಿದ ಡಿಪಾಸಿಟ್ಟು

ವುಡ್‌ಬ್ರಿಡ್ಜ್‌ನ ಟೈಲ್ಸ್ ಗೋಡೌನಿನಲ್ಲಿ ನಾನು ಕೆಲಸಕ್ಕಿದ್ದೆ. ಊಟದ ಕೋಣೆಯಲ್ಲಿ ನನಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು, ಎಲ್ಲರನ್ನೂ ಅಣಕಿಸುವುದು. ಇಟಲಿ ಮೂಲದ ಫೋರ್‌ಮನ್ನಿನ ಕೆಮ್ಮು, ಟ್ರಕ್ ಡ್ರೈವರನ ಮೂಗಿನ ಮಾತು, ಮಾಲೀಕರು ಫೋನಿನಲ್ಲಿ ಹೆಂಡತಿಗೆ ಹೇಳುವ ‘ಯೆಸ್ ಡಿಯರ್’, ಕೊನೆಗೆ ಉಡುಪಿಯಿಂದ ಬಂದಿಳಿದು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ ನಾನೇ. ಯಾರನ್ನೂ ಬಿಡುತ್ತಿರಲಿಲ್ಲ.

ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಹಕ್ಕಿ ಶಿಕಾರಿಯದೇ ಮಾತು. ಹತ್ತು ಜನ ಸೇರಿ ನಗರದ ಉತ್ತರಕ್ಕೆ ಒಬ್ಬ ರೈತನ ಜಮೀನನ್ನು ಶಿಕಾರಿಗೆಂದು ಗೊತ್ತುಮಾಡಿಕೊಂಡಿದ್ದರು. ರೈತ ಅಲ್ಲಿ ಫೆಸೆಂಟ್ ಹಕ್ಕಿ ಸಾಕಿ ಬಿಡುತ್ತಿದ್ದ. ನಮ್ಮ ಕಾಡುಕೋಳಿಗೆ ಪರದೇಶದಲ್ಲೊಬ್ಬ ಶ್ರೀಮಂತ ಚಿಕ್ಕಪ್ಪನಿದ್ದರೆ ಹಾಗಿರುತ್ತಾನೆ, ಬಾಲವೇ ಒಂದು ಮೊಳ. ಫೋರ್‌ಮನ್ ಆ ಗುಂಪಿನ ಯಜಮಾನ. ಪಾಲು ಹತ್ತೇ, ಹನ್ನೊಂದನೆಯವನಿಗೆ ಜಾಗವಿಲ್ಲ.

ಒಂದು ಚಳಿಗಾಲದ ಕೊನೆಯಲ್ಲಿ ಅವರಲ್ಲೊಬ್ಬರು ಮಂಡಿನೋವೆಂದು ಪಾಲು ಬಿಟ್ಟರು. ನಾನು ತಕ್ಷಣ, “ಆ ಪಾಲು ನನಗೆ ಕೊಡಿ” ಎಂದೆ. ಇಡೀ ಕೋಣೆ ಗೊಳ್ಳೆಂದು ನಕ್ಕಿತು.

ಫೋರ್‌ಮನ್ ಕಣ್ಣೊರೆಸಿಕೊಂಡು ಕೇಳಿದ: “ಇದು ಯಾರ ದನಿ?”

“ನನ್ನದೇ.”

“ಹೌದಾ? ನಾಲ್ಕು ವರ್ಷದಲ್ಲಿ ಇವತ್ತೇ ಕೇಳಿದ್ದು.”

ಅದಕ್ಕೆ ಇನ್ನೊಮ್ಮೆ ನಕ್ಕರು. ನಾಲ್ಕು ವರ್ಷ ನಾನೇ ಬೇಡಿ ಪಡೆದ ನಗು ಅವತ್ತು ಕೆನ್ನೆಗೆ ಹೊಡೆದ ಹಾಗಾಯಿತು. ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು, ಆದರೆ ಎಲ್ಲರ ಸಾಲಿನಲ್ಲಿ ನಾನಿರಲಿಲ್ಲ. ಈ ಹತ್ತನೆಯ ಪಾಲು ನನ್ನದಾಗಲೇಬೇಕು ಎಂದು ಆ ಕ್ಷಣವೇ ಹಟ ಹಿಡಿದೆ.

ಫೋರ್‌ಮನ್ ನಿಯಮ ಹೇಳಿದ. ರೈತ ಮರಿಗಳಿಗೆ ವಸಂತದಲ್ಲೇ ಆರ್ಡರ್ ಕೊಡಬೇಕು, ಅದಕ್ಕೆ ಮಾರ್ಚ್ ಮುಗಿಯುವುದರೊಳಗೆ ಐನೂರು ಡಾಲರ್ ಡಿಪಾಸಿಟ್. ಅಕ್ಟೋಬರಿನ ಮೊದಲ ಶಿಕಾರಿಯ ದಿನ ಬಂದೂಕಿನ ಲೈಸೆನ್ಸ್ ಕೈಯಲ್ಲಿರಬೇಕು. ಇಲ್ಲದಿದ್ದರೆ ದುಡ್ಡೂ ಹೋಯಿತು, ಪಾಲೂ ಹೋಯಿತು. “ನನ್ನ ಅಳಿಯ ಕಾಯ್ತಾ ಇದ್ದಾನೆ,” ಎಂದು ಕೆಮ್ಮಿದ.

ನಾನಿದ್ದುದು ಮಿಸಿಸಾಗದ ಅಣ್ಣನ ಮನೆಯ ಬೇಸ್‌ಮೆಂಟಿನಲ್ಲಿ. ಅತ್ತಿಗೆ ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಚೆಕ್ ಬರೆಯುತ್ತಿದ್ದುದನ್ನು ಕಂಡು ಸೌಟು ಹಿಡಿದುಕೊಂಡೇ ಬಂದರು.

“ಅಲ್ಲ ಕಣೋ, ಅದಿನ್ನೂ ಮೊಟ್ಟೆಯಿಂದಾನೇ ಆಚೆ ಬಂದಿಲ್ಲ. ಅಷ್ಟರಲ್ಲೇ ಅದನ್ನ ಸಾಯ್ಸೋಕೆ ಅಡ್ವಾನ್ಸ್ ಕೊಡ್ತಿದ್ದೀಯಾ?”

“ನೀವು ಈ ಮನೆ ಬುಕ್ ಮಾಡುವಾಗ ಇಲ್ಲಿ ಎಂತ ಇತ್ತು ಅತ್ತಿಗೆ? ಒಂದು ಹೊಂಡ, ಒಂದು ಬೋರ್ಡು. ಅದಕ್ಕೆ ನೀವು ಡಿಪಾಸಿಟ್ ಕಟ್ಟಲಿಲ್ವಾ?”

“ಮನೆಗೆ ಯಾರೂ ಗುಂಡು ಹೊಡೆಯಲ್ಲಪ್ಪ!”

ಬೈದದ್ದು ಬೈದರು. ಆದರೆ ಬೆಳಗ್ಗೆ ನಾನು ಹೊರಡುವಾಗ ಲಕೋಟೆಯೊಳಕ್ಕೆ ಒಂದು ಡಾಲರಿನ ನಾಣ್ಯ ಹಾಕಿದರು. “ಎಂಥಾ ಪಾಪದ ಕೆಲಸವೇ ಆಗ್ಲಿ, ಬರೀ ಐನೂರು ಕೊಡಬಾರದು ಕಣೋ. ಐನೂರೊಂದು ಮಾಡು.” ಫೋರ್‌ಮನ್ ಲಕೋಟೆ ಕೊಡವಿ ನಾಣ್ಯ ಕಂಡು, “ಇದೇನು, ನನಗೆ ಟಿಪ್ಸಾ?” ಎಂದು ಜೇಬಿಗೆ ಹಾಕಿಕೊಂಡ.

ಎರಡು ವಾರಾಂತ್ಯ ಕ್ಲಾಸಿಗೆ ಹೋಗಿ, ಬಂದೂಕನ್ನು ಯಾರ ಕಡೆಗೆ ತಿರುಗಿಸಬಾರದು ಎಂಬುದನ್ನು ಕಲಿತು ಪರೀಕ್ಷೆ ಪಾಸಾದೆ. ಅರ್ಜಿಯಲ್ಲಿ ನನ್ನನ್ನು ಚೆನ್ನಾಗಿ ಬಲ್ಲ ಇಬ್ಬರ ಹೆಸರು ಕೇಳಿದ್ದರು. ಒಂದು ಫೋರ್‌ಮನ್ನಿನದು. ಇನ್ನೊಂದು ನಮ್ಮ ಊರಿನವರೇ ಆದ, ಮಾರ್ಕಮ್‌ನಲ್ಲಿ ಎಂಜಿನಿಯರ್ ಆಗಿದ್ದ ಹಿರಿಯರದು. ನಂಟಿಲ್ಲದಿದ್ದರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ.

ಆ ಮಾವನಿಗೆ ನಾನು ಮಾಡಿದ್ದು ಒಂದೆರಡಲ್ಲ. ತೆರಿಗೆ ಅಧಿಕಾರಿಯಾಗಿ ಫೋನ್ ಮಾಡಿ ಅವರಿಂದ ಹಳೆಯ ಕಾಗದಪತ್ರವೆಲ್ಲ ಹುಡುಕಿಸಿದ್ದೆ. ಏರ್‌ಲೈನ್ಸಿನವನಾಗಿ, ನಿಮ್ಮ ಪೆಟ್ಟಿಗೆಯಲ್ಲಿದ್ದ ಮಾವಿನಮಿಡಿ ಉಪ್ಪಿನಕಾಯಿ ವಿಮಾನದಲ್ಲೆಲ್ಲ ಸೋರಿದೆ ಎಂದು ಹೆದರಿಸಿದ್ದೆ. ಇನ್ನು ಮೇಲೆ ಇವನಿಗೆ ಮೋಸಹೋದರೆ ಕೇಳಿ ಎಂದು ಅವರು ಹತ್ತು ಜನರೆದುರು ಶಪಥ ಮಾಡಿದ್ದರು.

ಆಗಸ್ಟಿನಲ್ಲಿ ಲೈಸೆನ್ಸ್ ಕಚೇರಿಯಿಂದ ಕಾಗದ ಬಂತು. ನನ್ನ ಬಗ್ಗೆ ಹೇಳಬೇಕಾದ ಒಬ್ಬರಿಂದ ಸರಿಯಾದ ಉತ್ತರ ಬಂದಿಲ್ಲವಾದ್ದರಿಂದ ಅರ್ಜಿಯನ್ನು ತಡೆಹಿಡಿದಿದ್ದಾರಂತೆ. ಕೂಡಲೇ ಮಾವನಿಗೆ ಫೋನ್ ಮಾಡಿದೆ.

“ಮಾವ, ನಿಮಗೆ ಲೈಸೆನ್ಸ್ ಆಫೀಸಿನಿಂದ ಯಾರಾದ್ರೂ ಫೋನ್ ಮಾಡಿದ್ರಾ?”

“ಮೂರು ಸಲ ಮಾಡಿದ್ದಿಯಲ್ಲ ಮಾರಾಯ, ನೀನೇ!”

“ನಾನಲ್ಲ ಮಾವ.”

“ಮೊದಲ ಎರಡು ಸಲ ಇಟ್ಟುಬಿಟ್ಟೆ. ಮೂರನೇ ಸಲ ನಾನೂ ನಿನಗೆ ಸಮಾ ಕೊಟ್ಟೆ. ‘ಯೆಸ್ ಸರ್, ವೆರಿ ಡೇಂಜರಸ್ ಫೆಲೋ, ಅವನಿಗೆ ಬಂದೂಕು ಸಾಲದು, ಎರಡು ಫಿರಂಗಿ ಕೊಡಿ’ ಅಂತ ಹೇಳಿದೆ. ಆಚೆಯವ ಒಂಚೂರೂ ನಗಲಿಲ್ಲ ನೋಡು. ಇವ ಸುಮಾರು ಇಂಪ್ರೂವ್ ಆಗಿದ್ದಾನೆ ಅಂತ ಗ್ರಹಿಸಿದೆ.”

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಮೌನಕ್ಕೂ ಮಾವ, “ಇದು ಯಾರದ್ದು ಈಗ?” ಎಂದು ಕೇಳಿದರು.

ಶನಿವಾರ ಬೆಳಗ್ಗೆಯೇ ಕಾಗದ ಹಿಡಿದುಕೊಂಡು ಮಾರ್ಕಮ್‌ಗೆ ಕಾರು ಓಡಿಸಿದೆ. ಮಾವ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಹರನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಸಿದರು.

“ಅಯ್ಯೋ ದೇವರೇ, ಸರಕಾರದವನ ಹತ್ರ ಎಂತ ಹೇಳಿಬಿಟ್ಟೆ ನಾನು!”

“ತಪ್ಪು ನಿಮ್ಮದಲ್ಲ ಮಾವ. ನಿಮಗೆ ಆ ಬುದ್ಧಿ ಕಲಿಸಿದ್ದು ನಾನು.”

“ಅದು ಸರಿ. ಆದ್ರೆ ಫಿರಂಗಿ ನನ್ನದಲ್ವಾ?”

ಇಬ್ಬರೂ ಕೂತು ಪತ್ರ ಬರೆದೆವು. ಅವರು ನನ್ನನ್ನು ಹೊಗಳಲು ಹೊರಟಾಗ ನಾನೇ ತಡೆದೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದೆ. ಬರೆದರು: ಈ ಹುಡುಗ ಐದು ವರ್ಷದಿಂದ ಕಳ್ಳ ದನಿಯಲ್ಲಿ ಫೋನ್ ಮಾಡಿ ನನ್ನ ಜೀವ ತಿಂದಿದ್ದಾನೆ, ಅದಕ್ಕೇ ನಿಮ್ಮನ್ನೂ ಅವನೇ ಎಂದುಕೊಂಡೆ, ಅದನ್ನು ಬಿಟ್ಟರೆ ಇವನಿಂದ ಯಾರಿಗೂ ಕೇಡಾದದ್ದಿಲ್ಲ. ಸೋಮವಾರ ಕೆಲಸಕ್ಕೆ ರಜೆ ಹಾಕಿ, ಕಚೇರಿಗೆ ಫೋನ್ ಹಚ್ಚಿ ಮುಕ್ಕಾಲು ಗಂಟೆ ಸಂಗೀತ ಕೇಳಿದ ಮೇಲೆ ಆ ಅಧಿಕಾರಿಯೇ ಸಿಕ್ಕರು. ನಡೆದುದನ್ನೆಲ್ಲ ಹೇಳಿದೆ. ಕಣಿವೆಯ ಆಚೆಯಿಂದ ಬಂದಂಥ ದಪ್ಪ, ನಿಧಾನದ ದನಿ ಅವರದು. ಅಣಕಕ್ಕೆಂದೇ ಮಾಡಿಸಿದ ಹಾಗಿತ್ತು. ನಾಲಿಗೆ ತುರಿಸಿತು. ಕಚ್ಚಿ ಹಿಡಿದೆ.

“ಮತ್ತೆ ಮೊದಲಿಂದ ವಿಚಾರಿಸಬೇಕಾಗುತ್ತದೆ. ಸಮಯ ಹಿಡಿಯುತ್ತದೆ,” ಎಂದರು ಅವರು. ಹಿಡಿಯಿತು. ಸೆಪ್ಟೆಂಬರ್ ಮುಗಿದರೂ ಅಂಚೆಯಲ್ಲಿ ಏನೂ ಬರಲಿಲ್ಲ.

ಶಿಕಾರಿಯ ಹಿಂದಿನ ದಿನ ಫೋರ್‌ಮನ್ನಿಗೆ ವಿಷಯ ತಿಳಿಸಿದೆ. ಫಿರಂಗಿಯ ಭಾಗಕ್ಕೆ ನಕ್ಕ, ಆಮೇಲೆ ನಗು ನಿಲ್ಲಿಸಿದ.

“ಡಿಪಾಸಿಟ್ ವಾಪಸಿಲ್ಲ. ಆ ದುಡ್ಡನ್ನ ಮರಿಗಳು ತಿಂದು ಮುಗಿಸಿವೆ. ನಾಳೆ ನಿನ್ನ ಜಾಗಕ್ಕೆ ಅಳಿಯ ಬರ್ತಾನೆ.”

“ಬರಲಿ. ಪೊದೆ ಬಡಿದು ಹಕ್ಕಿ ಎಬ್ಬಿಸೋದಕ್ಕೆ ಜನ ಬೇಕಲ್ಲ? ಅದಕ್ಕೆ ಲೈಸೆನ್ಸ್ ಬೇಕಾ?”

“ಬೇಡ,” ಎಂದ. “ಬೂಟು ಬೇಕು.”

ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ನೆನೆದ ಜೋಳದ ಕೂಳೆಯಲ್ಲಿ, ಮುಳ್ಳಿನಲ್ಲಿ, ಎರಡು ನಾಯಿಗಳ ನಡುವೆ ಕೋಲು ಬಡಿಯುತ್ತ ನಡೆದೆ. ನನ್ನ ಬಾಬ್ತಿನ ಹಕ್ಕಿಗಳು ನನ್ನ ಕಾಲ ಬುಡದಿಂದಲೇ ಬುರ್ರೆಂದು ಹಾರಿದವು. ಅಳಿಯನಿಗೆ ಆರು ಗುಂಡಿನಲ್ಲಿ ಸಿಕ್ಕಿದ್ದು ಒಂದು ಹಕ್ಕಿಯ ಬಾಲ ಮಾತ್ರ. ಅವನು ಬಂದೂಕು ಹಿಡಿಯುವ ಭಂಗಿ ನೋಡಿ ಎಲ್ಲರೂ ನನ್ನ ಮುಖ ನೋಡಿದರು, ಈಗ ಅಣಕಿಸುತ್ತಾನೆ ಎಂದು. ನಾನು ಸುಮ್ಮನೆ ಮುಂದಿನ ಪೊದೆಗೆ ಹೋದೆ.

ಊಟದ ಹೊತ್ತಿಗೆ ಫೋರ್‌ಮನ್ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಬ್ರೆಡ್ಡಿನ ಪಕ್ಕ ಒಂದು ಪುಸ್ತಕ ತೆರೆದಿಟ್ಟ. ಮುಂದಿನ ವರ್ಷಕ್ಕೆ ಯಾರು ಇರುತ್ತೀರಿ, ಯಾರು ಬಿಡುತ್ತೀರಿ ಎಂದು ಕೇಳಿದ. ಅವರ ಪದ್ಧತಿಯಲ್ಲಿ ಆ ದಿನ ಬರೀ ಬಾಯಿಮಾತು, ದುಡ್ಡು ಮಾರ್ಚಿನಲ್ಲಿ. ಉಳಿದವರು ಕೈಯೆತ್ತುವುದರೊಳಗೆ ನಾನು ಚೆಕ್ ಬರೆದು ಹರಿದು ಪುಸ್ತಕದ ಮೇಲಿಟ್ಟೆ. ಮುಳ್ಳು ಗೀರಿದ ಬೆರಳಿನ ರಕ್ತ ಅದರ ಮೂಲೆಗೆ ತಾಗಿತ್ತು.

“ಲೈಸೆನ್ಸ್?” ಎಂದ ಫೋರ್‌ಮನ್.

“ಬರ್ತದೆ.”

“ಬರದಿದ್ರೆ?”

“ಮತ್ತೆ ಕೇಳ್ತೇನೆ.”

ಅವನು ಅಳಿಯನ ಕಡೆ ನೋಡಿದ. ಅಳಿಯ ಬ್ರೆಡ್ಡು ಅಗಿಯುತ್ತ ಇನ್ನೂ ಯೋಚಿಸುತ್ತಿದ್ದ. ಫೋರ್‌ಮನ್ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದು ಹತ್ತನೆಯ ಸಾಲಿನಲ್ಲಿ ನನ್ನ ಹೆಸರು ಬರೆದ. ಸ್ಪೆಲ್ಲಿಂಗ್ ಕೇಳಿಯೇ ಬರೆದ. ಈ ಸಲ ಯಾರೂ ನಗಲಿಲ್ಲ.