ಕರಿಸಿದ್ದಪ್ಪ ನೋಡಿ ಬಂದ ಎಣ್ಣೆ ಬಾವಿ

ಕೊಟ್ಟೂರಿನಲ್ಲಿ ಕರಿಸಿದ್ದಪ್ಪನಷ್ಟು ಬೋರ್‌ವೆಲ್ ಕೊರೆದವನು ಇನ್ನೊಬ್ಬನಿರಲಿಲ್ಲ. ಅವನ ರಿಗ್ ಲಾರಿಗೆ ನಾನೇ ಡ್ರೈವರ್. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಹೊಲಕ್ಕೆ ಹೋದರೂ ಅಷ್ಟೇ, ಧೂಳು ನಿಂತು ಕೆಸರು ಚಿಮ್ಮಿದ ಕೂಡಲೇ ಹೆಂಗಸರು ಪೈಪಿಗೆ ಕುಂಕುಮ ಹಚ್ಚುವರು, ಇವನು ಕಾಯಿ ಒಡೆಯುವನು. ‘ಎರಡಿಂಚು ನೀರೈತ್ರಿ, ಚಿಂತಿ ಬಿಡ್ರಿ’ ಎಂದು ಇವನು ಅಂದರೆ ಆ ಮನೆಯವರಿಗೆ ಅಂದೇ ಹಬ್ಬ.

ಅವನ ತಂಗಿ ಅನ್ನದಾನಮ್ಮ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಿದ್ದಳು. ರೈಲ್ವೆಯಿಂದ ಬಂದ ದುಡ್ಡಿನಲ್ಲಿ ಸ್ಟೇಷನ್ ಕಡೆ ಒಂದು ಸೈಟು ಕೊಂಡಳು. ಉಳಿದದ್ದು ಮನೆ ಕಟ್ಟಲು ಸಾಲುತ್ತಿರಲಿಲ್ಲ. ಅತ್ತಿಗೆ ಒಂದು ದಿನವೂ ಒರಟು ಮಾತಾಡಿದವಳಲ್ಲ. ಆದರೂ ಇವಳು ಡಬ್ಬಿಯಿಂದ ಚಿಟಿಕೆ ಸಕ್ಕರೆ ತೆಗೆಯಬೇಕಾದರೂ ಕೇಳಿಯೇ ತೆಗೆಯುವಳು. ‘ನನ್ನ ಒಲಿ, ನನ್ನ ಬಾಗ್ಲ ಅಂತ ಒಂದಿದ್ರ ಸಾಕಣ್ಣ’ ಎನ್ನುವಳು. ಅವಳಿಗಿದ್ದದ್ದು ಅದೊಂದೇ ಆಸೆ.

ತೊಂಬತ್ತೈದರ ಸುಮಾರಿಗೆ ಶೇರಿನ ಹುಚ್ಚು ನಮ್ಮೂರಿಗೂ ಹತ್ತಿತು. ಗೋದಾವರಿ ಕಡೆ ಹೊಲಗಳ ನಡುವೆ ಬಾವಿ ಕೊರೆದು ಕಚ್ಚಾ ಎಣ್ಣೆ ತೆಗೆಯುವ ಒಂದು ಸಣ್ಣ ಖಾಸಗಿ ಕಂಪನಿಯ ಶೇರು ಕೊಳ್ಳಿರೆಂದು ದಾವಣಗೆರೆಯ ದಲ್ಲಾಳಿ ಹೇಳಿದ. ಕಂಪನಿಯ ಹೆಸರು ಬೇಡ ಬಿಡಿ, ನೆನೆದರೆ ಮೈಯೆಲ್ಲ ಉರಿಯುತ್ತದೆ. ‘ಬಾವಿ ಬಲ್ಲವ ನೀನು. ನೀ ನೋಡಿ ಬಂದು ಹೂಂ ಅಂದ್ರ ನಂದೂ ಹೂಂ’ ಎಂದಳು ಅನ್ನದಾನಮ್ಮ.

ಪರಿಚಯದ ಆಂಧ್ರದ ರಿಗ್ಗಿನವರ ಜೊತೆ ಹೋಗಿ ಬಂದ ಮಾರಾಯ ನೆಲದ ಮೇಲೆ ನಿಲ್ಲಲಿಲ್ಲ. ‘ಲೇ, ಪಂಪ್ ಇಲ್ಲ, ಮೋಟ್ರು ಇಲ್ಲ, ಎಣ್ಣಿ ಪೈಪ್ ತುಂಬ ತಾನ ಬರಾಕತ್ತೈತಿ!’ ಅದೊಂದನ್ನು ನೋಡಿಯೇ ಇಡೀ ಕಂಪನಿಗೆ ಬೆಲೆ ಕಟ್ಟಿಬಿಟ್ಟ. ತಂಗಿ ಸೈಟೊಂದನ್ನು ಬಿಟ್ಟು ಇದ್ದಬದ್ದದ್ದೆಲ್ಲ ಹಾಕಿದಳು.

ಶೇರು ಏರಿತು. ಮರುವರ್ಷ ಮನೆ ಕಟ್ಟುವಷ್ಟು ದುಡ್ಡಾಯಿತು. ‘ಮಾರಿಬಿಡೋಣೇನಣ್ಣ?’ ಎಂದಳು. ‘ತಡಿ, ಇನ್ನೊಮ್ಮೆ ನೋಡಿ ಬರ್ತೀನಿ’ ಎಂದು ಮತ್ತೆ ಹೋದ. ಬಾವಿಯಲ್ಲಿ ಎಣ್ಣೆ ಸ್ವಲ್ಪ ಇಳಿದಿದೆ, ಜೊತೆಗೆ ನೀರು ಬರಲು ಶುರುವಾಗಿದೆ ಎಂದು ಅಲ್ಲಿಯ ಕೆಲಸಗಾರನೊಬ್ಬ ಹೇಳಿದನಂತೆ. ನೀರು ಬಂತು ಎಂದರೆ ಸಾಕಲ್ಲ, ನಮ್ಮವನ ಮುಖ ಅರಳಿತು. ಒಳಗೆ ಬಿಡಲಿಲ್ಲವೆಂದು ಗೇಟಿನ ಹೊರಗೇ ಕಾಯಿ ಒಡೆದು ಬಂದ! ‘ಸೆಲಿ ಜೀವಂತ ಐತಿ ತಂಗಿ, ಮಾರಬ್ಯಾಡ’ ಎಂದ. ಅವಳು ಮಾರಲಿಲ್ಲ.

ವರ್ಷ ತುಂಬುವುದರೊಳಗೆ ಆ ಶೇರನ್ನು ಕೇಳುವವರೇ ಇಲ್ಲವಾದರು. ಹಗರಿಬೊಮ್ಮನಹಳ್ಳಿ ಹತ್ತಿರ ಬೋರ್ ಪಾಯಿಂಟ್ ನೋಡಲು ಬಂದಿದ್ದ ಭೂವಿಜ್ಞಾನಿಯೊಬ್ಬರನ್ನು ಹೀಗೇಕಾಯಿತೆಂದು ಇವನು ಕೇಳಿಯೇಬಿಟ್ಟ. ಅವರು ಸಮಾಧಾನವಾಗಿಯೇ ಹೇಳಿದರು: ‘ಎಣ್ಣಿ ಬಾವಿ ಹೊಸದರಾಗ ಜೋರು ಇರತೈತಿ, ವರ್ಷ ವರ್ಷ ಇಳಿತೈತಿ. ತಳದಾಗ ಇನ್ನೆಷ್ಟು ಉಳಿದೈತಿ, ಎತ್ತಾಕ ಎಷ್ಟು ಖರ್ಚು, ಅದನ್ನ ನೋಡಿ ಕಂಪನಿಗೆ ಬೆಲಿ ಕಟ್ಟಬೇಕ್ರಿ. ನೀರು ಹೆಚ್ಚಾತು ಅಂದ್ರ ಆ ಬಾವಿ ಮುಗಿಯಾಕ ಬಂತು ಅಂತ.’ ಕರಿಸಿದ್ದಪ್ಪ ಲಾರಿ ಗಾಲಿಗೆ ಒರಗಿ ಕೂತುಬಿಟ್ಟ. ‘ಅಕಿಗೆ ಹೇಳಬ್ಯಾಡಲೇ’ ಎಂದು ನನ್ನ ಕೈ ಹಿಡಿದುಕೊಂಡ.

ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ. ಅದೇ ಅವನನ್ನು ತಿಂದದ್ದು. ಓಣಿಯವರು ಚುಚ್ಚಿದರೆ ಅನ್ನದಾನಮ್ಮ ಸೆರಗು ಸಿಗಿಸಿ ಜಗಳಕ್ಕೇ ನಿಲ್ಲುವಳು: ‘ಕಂಪನಿ ಮುಳುಗಿದ್ರ ನಮ್ಮಣ್ಣ ಏನ್ ಮಾಡ್ಯಾನು? ನನ್ನ ಸಲುವಾಗಿ ಎರಡು ಸಲ ನೋಡಿ ಬಂದಾನ!’ ಒಳಗೆ ಊಟಕ್ಕೆ ಕೂತ ಅಣ್ಣ ಅದನ್ನು ಕೇಳಿ ಎದ್ದು ಕೈ ತೊಳೆದುಬಿಡುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಕಾಮಾಲೆ ಅವಳನ್ನು ಒಯ್ದಿತು. ಅಣ್ಣನ ಮನೆಯಿಂದಲೇ ಹೆಣ ಎತ್ತಿದೆವು. ಸ್ಮಶಾನಕ್ಕೆ ಮೊದಲು ಅವಳು ಮನೆ ಕಟ್ಟಬೇಕೆಂದಿದ್ದ ಸೈಟಿಗೆ ಒಯ್ಯಬೇಕೆಂದು ಕರಿಸಿದ್ದಪ್ಪ ಹಟ ಹಿಡಿದ. ಹೊತ್ತಾಯಿತೆಂದು ಗೊಣಗಿದ ಹಿರಿಯರನ್ನು ನಾನೇ ಗದರಿಸಿದೆ. ಸೈಟಿನ ತುಂಬ ಬಳ್ಳಾರಿ ಜಾಲಿ. ಒಂದಿಷ್ಟು ಕಡಿದು ಜಾಗ ಮಾಡಿ ಅವಳನ್ನು ಇಳಿಸಿದೆವು.

ಅವನು ಅವಳೆದುರು ಮಣ್ಣಿನಲ್ಲಿ ಕೂತು, ಅಷ್ಟೂ ಜನ ಕೇಳುವಂತೆ ಹೇಳಿದ: ‘ನಿನ್ನ ಮುಳುಗಿಸಿದ್ದು ಕಂಪನಿ ಅಲ್ಲವ್ವ, ನಾನು. ನೀ ಮಾರ್ತೀನಿ ಅಂದಿದ್ದಿ. ಬ್ಯಾಡ ಅಂದವ ನಾನು. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ. ಈಗಾದ್ರೂ ಒಂದು ಸಲ ಬೈಯವ್ವ.’