ಫಿರ್ಮಿನ್‌ನ ತೊಂಬತ್ತಾರು ಏಟುಗಳು

ರೊನ್ಸೆ ಊರಿನ ಫಿರ್ಮಿನ್ ಯಾರನ್ನೂ ಪೂರ್ತಿ ನಂಬಿದವನಲ್ಲ. ಬೇಕರಿಯವಳು ಕಟ್ಟಿಕೊಟ್ಟ ಬ್ರೆಡ್ಡಿನ ಹೋಳುಗಳನ್ನು ಮನೆಗೆ ಬಂದು ಎಣಿಸುತ್ತಿದ್ದ. ಒಬ್ಬ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ತೋರಿಸಿಯೇ ನುಂಗುತ್ತಿದ್ದ. ಎಣಿಕೆ ಕಸುಬಿನಿಂದ ಬಂದದ್ದು. ಹದಿನೇಳಕ್ಕೇ ಬಟ್ಟೆ ಗಿರಣಿ ಸೇರಿ ಮಗ್ಗಗಳ ರಿಪೇರಿ ಕಲಿತವನು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಯಾವುದಾದರೂ ಒಂದು ಒಂದೇ ಏಟು ತಪ್ಪಿಸಿದರೂ ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಹೋಗುತ್ತಿದ್ದ.

ಆ ಕಿವಿಯನ್ನೇ ಸಂಗೀತಕ್ಕೂ ತಂದ. ಎಂಬತ್ತರ ದಶಕದ ನಡುವೆ ಅವನೂ ಶಾಲೆಯ ಗೆಳೆಯ ಯೋರಿಸನೂ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಹಾಡು ಕಟ್ಟತೊಡಗಿದರು. ರಾಗವೆಂಬುದೇನೂ ಅದರಲ್ಲಿರಲಿಲ್ಲ. ಒಂದೇ ಸಮ ಕುಟ್ಟುವ ಸಿಂಥಸೈಜರ್, ಡ್ರಮ್ ಯಂತ್ರ, ಯೋರಿಸನ ಗದರಿಕೆ, ಇವುಗಳ ನಡುವೆ ಮುರಿದ ಮಗ್ಗದ ಕಬ್ಬಿಣದ ದಿಂಡಿನ ಮೇಲೆ ಫಿರ್ಮಿನ್‌ನ ಸುತ್ತಿಗೆ. ಕಪ್ಪು ಬನಿಯನ್ನು, ದಪ್ಪ ಬೂಟು ತೊಟ್ಟ ಹುಡುಗರು ಗೆಂಟ್ ನಗರದಿಂದ ಜರ್ಮನಿಯ ತನಕ ಅದಕ್ಕೆ ಕುಣಿದರು.

ತೊಂಬತ್ನಾಲ್ಕರಲ್ಲಿ ಅವರ ಮೊದಮೊದಲ ಹಾಡುಗಳ ರೀಮಿಕ್ಸ್ ಆಲ್ಬಮ್ ಬಂತು. ಹಳೆಯ ಟೇಪಿನಿಂದ ಬೇಕಾದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬೇರೆಯವರು ಹೊಸದಾಗಿ ಕಟ್ಟಿದ್ದರು. ಫಿರ್ಮಿನ್ ಅಂಗಡಿಯಲ್ಲಿ ನಿಂತೇ ಕೇಳಿದ. ಎಂಟು ಹಾಡಿನಲ್ಲೂ ಯೋರಿಸನ ಗಂಟಲಿತ್ತು. ಕಬ್ಬಿಣ ಒಂದರಲ್ಲೂ ಇರಲಿಲ್ಲ. ಹೆಡ್‌ಫೋನನ್ನು ಕೊಕ್ಕೆಗೆ ಸಿಗಿಸಿ ಹೊರಬಂದ. ನನ್ನ ದನಿ ಇರಲಿ, ಅವನ ಕುಟ್ಟಾಟ ತೆಗೆದುಬಿಡಿ ಎಂದು ಯೋರಿಸನೇ ಹೇಳಿರಬೇಕು ಎಂಬ ಗುಮಾನಿ ಅಂದು ಹೊಕ್ಕದ್ದು ಮತ್ತೆ ಹೊರಡಲಿಲ್ಲ. ತನಗೇನೂ ಗೊತ್ತಿರಲಿಲ್ಲವೆಂದು ಯೋರಿಸ್ ತಾಯಿಯ ಮೇಲೆ ಆಣೆ ಇಟ್ಟ. ಫಿರ್ಮಿನ್ ತಲೆಯಾಡಿಸಿದ, ಆ ವಾರವೇ ಶೆಡ್ಡಿನಲ್ಲಿದ್ದ ಟೇಪುಗಳನ್ನೆಲ್ಲ ಮನೆಗೆ ಹೊತ್ತು ತಂದು ಬೀರುವಿಗೆ ಬೀಗ ಹಾಕಿದ. ಗೆಳೆತನವೇನೂ ನಿಲ್ಲಲಿಲ್ಲ. ಭಾನುವಾರದ ಬಿಯರು ಒಟ್ಟಿಗೇ ನಡೆಯುತ್ತಿತ್ತು, ಬೀಗದ ಕೈ ಮಾತ್ರ ಫಿರ್ಮಿನ್‌ನ ಜೇಬು ಬಿಡುತ್ತಿರಲಿಲ್ಲ.

ಗಿರಣಿಯ ಹತ್ತಿಯ ದೂಳು ಕೊನೆಗೆ ಅವನ ಎದೆಯಲ್ಲಿ ಕೂತಿತು. ಮೆಟ್ಟಿಲು ಹತ್ತಲಾಗದೆ ಮಂಚವನ್ನು ಕೆಳಗಿಳಿಸಿಕೊಂಡಿದ್ದ ಹೊತ್ತಿನಲ್ಲಿ ಯೋರಿಸ್ ಹೊಸ ಸುದ್ದಿ ತಂದ: ಗೆಂಟಿನ ಒಂದು ಸಣ್ಣ ಕಂಪನಿ ಅವರಿಬ್ಬರ ಕೊನೆಯ ಹಾಡೊಂದನ್ನೇ ಹನ್ನೆರಡು ಜನರಿಂದ ಹನ್ನೆರಡು ಬಗೆಯಲ್ಲಿ ರೀಮಿಕ್ಸ್ ಮಾಡಿಸಿ ಆಲ್ಬಮ್ ತರುತ್ತದಂತೆ. ಎಂಬತ್ತೊಂಬತ್ತರ ಮೂಲ ಟೇಪು ಬೇಕು.

"ಯಾಕೆ? ನನ್ನನ್ನ ಎರಡನೇ ಸಲ ಒರೆಸೋಕಾ?"

"ಮೂವತ್ತು ವರ್ಷ ಆಯ್ತಲ್ಲೋ. ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯ."

"ಹಿಡ್ಕೊಂಡು ಕೂತಿದ್ದಕ್ಕೇ ಟೇಪು ಉಳಿದಿರೋದು."

ಕಾಫಿ ತಂದ ಹೆಂಡತಿ ಗೊಡ್ಲೀವ, "ಇವನು ಸ್ವರ್ಗಕ್ಕೆ ಹೋದ್ರೂ ಮೊದಲು ಬಾಗಿಲಿನ ಕೀಲು ಅಲ್ಲಾಡಿಸಿ ನೋಡ್ತಾನೆ, ಬಿಡು" ಅಂದಳು.

ನಾಲ್ಕು ದಿನ ಯೋಚಿಸಿ ಫಿರ್ಮಿನ್ ಒಪ್ಪಿದ. ಆದರೆ ಟೇಪನ್ನು ತಾನೇ ಒಣಗಿಸಬೇಕು, ತಾನೇ ನುಡಿಸಬೇಕು; ಯೋರಿಸ್ ಕುರ್ಚಿಯಲ್ಲಿ ಕೂತು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡಿರಬೇಕು. ಹಳೆಯ ಟೇಪಿನ ಅಂಟು ಬೆವರಿ ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಅದಕ್ಕೇ ಫಿರ್ಮಿನ್, ಗೊಡ್ಲೀವ ಸೇಬಿನ ಹೋಳು ಒಣಗಿಸುವ ಯಂತ್ರದಲ್ಲಿ ಸುರುಳಿಯನ್ನಿಟ್ಟು ಹದವಾದ ಬಿಸಿಯಲ್ಲಿ ಇಡೀ ದಿನ ಕಾದ. ಯೋರಿಸ್ ಅಷ್ಟು ಹೊತ್ತೂ ಕೈ ಎತ್ತಲಿಲ್ಲ.

ಟೇಪಿನಲ್ಲಿದ್ದದ್ದು ನಾಲ್ಕೇ ಟ್ರ್ಯಾಕು. ಒಂದರಲ್ಲಿ ಸಿಂಥಸೈಜರ್, ಎರಡನೆಯದರಲ್ಲಿ ಡ್ರಮ್ ಯಂತ್ರ. ಮೂರನೆಯದನ್ನು ನುಡಿಸಿದಾಗ ಯೋರಿಸನ ದನಿ ಬಂತು, ಅದರ ಜೊತೆಯಲ್ಲೇ ಕಬ್ಬಿಣವೂ ಬಂತು. ಫಿರ್ಮಿನ್ ಮತ್ತೆ ಹಿಂದಕ್ಕೆ ಸುತ್ತಿ ಕೇಳಿದ. ಎರಡೂ ಒಂದರೊಳಗೊಂದು ಕೂಡಿಹೋಗಿದ್ದವು. ಒಂದನ್ನು ತೆಗೆಯಹೊರಟರೆ ಇನ್ನೊಂದೂ ಹೋಗಬೇಕು.

"ಇದನ್ನ ಯಾರು ಕೂಡಿಸಿದ್ದು?"

"ನಾನೇ. ನೀನು ಪಾಳಿಗೆ ಹೋಗಿದ್ದೆ."

"ಜಾಗ ಸಾಲದೆ ಕೂಡಿಸಿರ್ತೀಯ."

"ನಾಲ್ಕನೇದು ಹಾಕಿ ನೋಡು."

ನಾಲ್ಕನೆಯ ಟ್ರ್ಯಾಕಿನಲ್ಲಿ ಏನೂ ಇರಲಿಲ್ಲ. ಬರೀ ಟೇಪಿನ ಸುಯ್ಲು. ಮೊದಲು ಏನೋ ಇದ್ದು ಆಮೇಲೆ ಅಳಿಸಿರಬಹುದು ಎಂದು ಫಿರ್ಮಿನ್‌ಗೆ ಅನುಮಾನ. ಐದು ನಿಮಿಷ ಹನ್ನೊಂದು ಸೆಕೆಂಡು, ಕೊನೆಯ ತನಕ, ಆ ಖಾಲಿಯನ್ನೇ ಕಿವಿಗೊಟ್ಟು ಕೇಳಿದ. ಅಳಿಸಿದ ಗುರುತು ಸಿಗಲಿಲ್ಲ. ಯೋರಿಸ್‌ಗೆ ಕೈ ಎತ್ತಬಹುದು ಎಂದಷ್ಟೇ ಹೇಳಿದ.

ಚಳಿಗಾಲದ ಹೊತ್ತಿಗೆ ಆಲ್ಬಮ್ ಮನೆಗೆ ಬಂತು. ಹನ್ನೆರಡು ಜನರೂ ಯೋರಿಸನ ದನಿ ಬೇಕೆಂದು ಬಯಸಿದ್ದರು. ಹಾಗಾಗಿ ಹನ್ನೆರಡರಲ್ಲೂ ಕಬ್ಬಿಣ ಉಳಿದಿತ್ತು. ಒಬ್ಬನಂತೂ ಡ್ರಮ್ ಯಂತ್ರವನ್ನೇ ಕಿತ್ತುಹಾಕಿ ಸುತ್ತಿಗೆಯ ಮೇಲೆ ಇಡೀ ಹಾಡನ್ನು ನಿಲ್ಲಿಸಿದ್ದ. ಫಿರ್ಮಿನ್ ಆಮ್ಲಜನಕದ ಕೊಳವೆಯನ್ನು ಮೂಗಿಗೆ ಸರಿಮಾಡಿಕೊಂಡು ಅದನ್ನು ಮೂರು ಸಲ ಎಣಿಸಿದ. ಆಮೇಲೆ ಫೋನು ಮಾಡಿದ.

"ತೊಂಬತ್ತಾರು ಹೊಡೆದಿದ್ದೆ. ಇದರಲ್ಲಿ ತೊಂಬತ್ತೈದೇ ಇದೆ. ಒಂದನ್ನ ಯಾರು ತೆಗೆದ್ರು?"

"ಯಾರೂ ತೆಗೀಲಿಲ್ಲ ಕಣೋ. ಅವತ್ತು ನೀನೇ ಒಂದು ತಪ್ಪಿಸಿದ್ದೆ."

"ನಾನು ತಪ್ಪಿಸಲ್ಲ."

"ಮೂರನೇ ಸುತ್ತು ಮುಗಿಯೋವಾಗ. ಕೆಮ್ಮಿದ್ದೆ ನೀನು. ನಿಂಗೆ ಹೇಳಿದ್ರೆ ಎಲ್ಲಾನೂ ಮತ್ತೆ ಮೊದಲಿಂದ ಹೊಡೀತೀಯ ಅಂತ ಸುಮ್ನಿದ್ದೆ."

ಫಿರ್ಮಿನ್ ಫೋನಿಟ್ಟ. ಅಂದು ಮಧ್ಯಾಹ್ನ ಗೊಡ್ಲೀವಳಿಂದ ಮೂಲ ಟೇಪಿನ ಡಬ್ಬಿ ತರಿಸಿಕೊಂಡು, ಅವಳನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿಕೊಂಡ. ಏನು ಕೇಳಿದನೋ ಯಾರಿಗೂ ಹೇಳಲಿಲ್ಲ. ಯೋರಿಸನೂ ಭಾನುವಾರಗಳಲ್ಲಿ ಕೇಳಲಿಲ್ಲ.

ಫೆಬ್ರವರಿಯಲ್ಲಿ ಫಿರ್ಮಿನ್ ತೀರಿಕೊಂಡ. ಅಂತ್ಯಕ್ರಿಯೆ ಮುಗಿದು, ಮನೆಗೆ ಬಂದವರೆಲ್ಲ ಹ್ಯಾಮ್ ಬನ್ನು ತಿಂದು ಕಾಫಿ ಕುಡಿದು ಎದ್ದ ಮೇಲೆ, ಗೊಡ್ಲೀವ ಆ ಡಬ್ಬಿಯನ್ನೂ ಬೀರುವಿನ ಬೀಗದ ಕೈಯನ್ನೂ ತಂದು ಯೋರಿಸನ ಮುಂದಿಟ್ಟಳು. ಮುಚ್ಚಳ ತೆಗೆದರೆ ಇನ್ನೂ ಸಣ್ಣಗೆ ಸೇಬಿನ ವಾಸನೆ. ಒಳಗಿನ ಚೀಟಿಯಲ್ಲಿ ಫಿರ್ಮಿನ್ ಎಂಬತ್ತೊಂಬತ್ತರಲ್ಲಿ ಶಾಯಿಯಲ್ಲಿ ಬರೆದಿದ್ದ 96ನ್ನು ಪೆನ್ಸಿಲಿನಿಂದ ಹೊಡೆದುಹಾಕಲಾಗಿತ್ತು. ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ 95 ಎಂದಿತ್ತು.

ಅದರ ಮುಂದೆ, ಒತ್ತಿ ಬರೆದ ಒಂದು ಪ್ರಶ್ನೆಯ ಗುರುತು.

ಯೋರಿಸ್ ನಕ್ಕ. ಚೀಟಿಯನ್ನು ಇದ್ದ ಹಾಗೇ ಮಡಚಿ ಒಳಗಿಟ್ಟ. ಆಮೇಲೆ ಬಹಳ ಹೊತ್ತು, ಟೇಪು ಒಣಗಿದ ದಿನ ಕೂತಿದ್ದ ಅದೇ ಕುರ್ಚಿಯಲ್ಲಿ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.