ಮುಂಗೋಡೆ ಉಳಿಸಿಕೊಂಡ ಮಳೆಗಾಲ

ನಮ್ಮ ಕನ್ನಡ ಸಂಘದ ಹಳೆಯ ಸಭಾಗೃಹ ಇನ್ನು ಬಳಕೆಗೆ ಯೋಗ್ಯವಲ್ಲ ಎಂಬ ವರದಿಗೆ ಸಹಿ ಹಾಕಿದವಳು ನಾನೇ. ಕಟ್ಟಡಗಳ ಬಲ ಪರೀಕ್ಷಿಸುವ ಇಂಜಿನಿಯರ್ ಕೆಲಸ ನನ್ನದು. ಛಾವಣಿಯ ತೊಲೆಗಳು ಟೊಳ್ಳಾಗಿದ್ದವು. ರಸ್ತೆಯ ಕಡೆಯ ಕಲ್ಲಿನ ಮುಂಗೋಡೆಯನ್ನು ಹಾಗೆಯೇ ಉಳಿಸಿ, ಹಿಂದಿನದೆಲ್ಲವನ್ನೂ ಹೊಸದಾಗಿ ಕಟ್ಟುವುದೆಂದು ಸಂಘ ತೀರ್ಮಾನಿಸಿತು.

ಅಪ್ಪನಿಗೆ ಹೇಳುವುದೇ ಕಷ್ಟವಾಯಿತು. ಉಡುಪಿ ಹೋಟೆಲಿನಲ್ಲಿ ದುಡಿಯುತ್ತಿದ್ದ ಅವರು ರಜೆಯ ದಿನಗಳಲ್ಲಿ ಆ ಹಾಲ್‌ನ ನಾಟಕಗಳಿಗೆ ಪರದೆ ಎಳೆಯುತ್ತಿದ್ದರು.

“ಮೋರೆ ಮಾತ್ರ ಇಟ್ಟು ಮೈಯೆಲ್ಲ ತೆಗೆಯುದಾ? ಎಂಥ ಮದ್ದು ಮಾರಾಯ್ತಿ ಇದು?” ಎಂದರು.

ಮುಂಗೋಡೆಗೆ ಉಕ್ಕಿನ ಆಸರೆ ಕೊಟ್ಟು ಕೆಡಹುವ ಕೆಲಸ ಶುರುವಾಯಿತು. ಮಳೆಗೆ ಮೊದಲು ಮುಗಿಯಲೆಂದು ಗೋಡೆಯ ಹತ್ತಿರವೂ ಯಂತ್ರ ಬಳಸಲು ನಾನು ಒಪ್ಪಿದೆ. ಒಪ್ಪಬಾರದಿತ್ತು. ಮೂರನೆಯ ದಿನ ನಡುವಿನ ಕಿಟಕಿಯ ಕಮಾನಿನ ಮೇಲೆ ಬಿರುಕು ಕಾಣಿಸಿತು. ಕಂಟ್ರಾಕ್ಟರ್, “ಮೇಡಂ, ಇದನ್ನೂ ಇಳಿಸಿಬಿಡುವ. ಹೀಗೇ ಕಾಣುವ ಹೊಸ ಗೋಡೆ ಕಟ್ಟಿಕೊಡ್ತೇನೆ” ಎಂದ.

ಯಂತ್ರ ನಿಲ್ಲಿಸಿದೆ. ಬಿಜಾಪುರದ ಕಡೆಯ, ಗಾರೆ ಕೆಲಸದ ಹಿರಿಯ ಗೌಂಡಿಯೊಬ್ಬರು ಬಿರುಕನ್ನು ಬೆರಳಿನಿಂದ ಸವರಿ ಹೇಳಿದರು: “ಸಿಮೆಂಟ್ ತುಂಬಬ್ಯಾಡ್ರಿ ಅಕ್ಕಾರ. ಸುಣ್ಣದ ಗ್ವಾಡಿಗೆ ಸುಣ್ಣಾನ ಬೇಕು. ಮದ್ಲ ಅದು ಸುಮ್ನ ನಿಲ್ತದೋ ಇಲ್ಲೋ ನೋಡೂಣು.”

ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದೆವು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪನಿಗೆ ಎಲ್ಲ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವರು ಬಯ್ಯಲಿಲ್ಲ. ಚಪ್ಪಲಿ ಮೆಟ್ಟಿ ನನ್ನೊಂದಿಗೆ ಹೊರಟರು.

ಆ ಮಳೆಗಾಲವಿಡೀ ಅಪ್ಪ ಆಂಟಾಪ್ ಹಿಲ್‌ನ ಮನೆಯಿಂದ ಬಸ್ಸಿನಲ್ಲಿ ಬಂದು, ಕೊಡೆ ಹಿಡಿದು ನಿಂತು ಆ ಗಾಜನ್ನು ನೋಡುತ್ತಿದ್ದರು. ನಾನು ಅಂಧೇರಿಯ ಇನ್ನೊಂದು ಸೈಟಿನಲ್ಲಿದ್ದರೆ ಫೋನ್ ಬರುತ್ತಿತ್ತು: “ಒಡೆಯಲಿಲ್ಲ ಮಗಾ.” ಅಷ್ಟೇ. ಒಳಗೆ ಕೂಲಿಯವರು ಹಳೆಯ ಗೋಡೆಗಳನ್ನು ಕೈಯಿಂದಲೇ ಒಂದೊಂದು ಕಲ್ಲಾಗಿ ಬಿಚ್ಚುತ್ತಿದ್ದರು.

ಮಳೆ ನಿಂತ ಮೇಲೆ ಗೌಂಡಿ ಬಿರುಕಿಗೆ ಸುಣ್ಣದ ಗಾರೆ ತುಂಬಿದರು. ಕೊನೆಯ ಗಾರೆಯಿದ್ದ ಕರಣೆಯನ್ನು ಅಪ್ಪನ ಕೈಗೆ ಕೊಟ್ಟು, “ನೀವ ಹಚ್ಚರಿ, ಅಜ್ಜಾರ” ಎಂದರು. ಅಪ್ಪ ಬಿರುಕಿಗೆ ಗಾರೆ ಒತ್ತಿದರು. ಗೌಂಡಿ ಅವರ ಮೊಣಕೈ ಹಿಡಿದುಕೊಂಡರು.

ಮುಂಗೋಡೆಯ ಹಿಂದೆ ಹೊಸದಾಗಿ ಕಟ್ಟಿದ ಹಾಲ್ ಈ ವರ್ಷ ತೆರೆಯಿತು. ಅಪ್ಪ ಸಮಾರಂಭ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: “ಚಂದ ಉಂಟು. ಆದ್ರೆ ಒಳಗೆ ನಂಗೆ ಎಲ್ಲಿಯೂ ಗುರ್ತ ಸಿಗಲಿಲ್ಲ.”

ಅವರ ಕೈ ಹಿಡಿದು ರಸ್ತೆ ದಾಟಿಸಿದೆ.